ನಮ್ಮ ಮನೆಯ ಝಡತಿ ಪ್ರಕರಣ

ಇಟ್ಟ ವಸ್ತು ಇಟ್ಟ ಜಾಗದಲ್ಲಿ ಸಿಗುವ ಭಾಗ್ಯವನ್ನು ದೇವರು ನನ್ನ ಹಣೆಯಲ್ಲಿ ಬರೆದಿಲ್ಲ. ಬರೆದಿದ್ದರೂ ಅದನ್ನು ನಾನೇ ಎಲ್ಲೋ ಇಟ್ಟು ಮರೆತಿರಬೇಕು. ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಟಪಾಲು ವಿಂಗಡಿಸಿದವನು ನಾನು. ವಿಳಾಸದಲ್ಲಿ ಊರಿನ ಹೆಸರು ಅರ್ಧ ಅಳಿಸಿ ಹೋಗಿದ್ದರೂ ಯಾವ ಪತ್ರ ಯಾವ ಖಾನೆಗೆ ಹೋಗಬೇಕು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅಂಥವನು ನಿವೃತ್ತನಾದ ಮೇಲೆ ದಿನಕ್ಕೆರಡು ಸಲ ಕನ್ನಡಕ ಕಳೆದುಕೊಂಡು, ಮನೆಯವರ ಮೇಲೆಲ್ಲ ಅನುಮಾನಪಟ್ಟು, ಕೊನೆಗೆ ಅದು ನನ್ನ ತಲೆಯ ಮೇಲೇ ಸಿಕ್ಕಾಗ ‘ಹಾಂ, ಇಲ್ಲೇ ಇತ್ತಲ್ಲ’ ಎಂದು ದೊಡ್ಡಸ್ತಿಕೆಯಿಂದ ಪೇಪರು ಓದಲು ಕೂರುತ್ತೇನೆ. ಒಂದು ವಿಷಯದಲ್ಲಿ ಮಾತ್ರ ನನಗೆ ಭಾರೀ ಅಭಿಮಾನ. ಇಷ್ಟು ವರ್ಷಗಳಲ್ಲಿ ಸಾವಿರಾರು ಜನರ ಪತ್ರ ಈ ಕೈಯಲ್ಲಿ ಹಾದು ಹೋದರೂ ಒಂದನ್ನೂ ನಾನು ತೆರೆದು ನೋಡಿದವನಲ್ಲ. ಗೋಂದು ಬಿಟ್ಟು ತಾನೇ ಬಾಯ್ದೆರೆದ ಲಕೋಟೆಯನ್ನು ಕೂಡ ಮುಖ ಆ ಕಡೆ ತಿರುಗಿಸಿಕೊಂಡು ಅಂಟಿಸಿದ್ದೇನೆ.

ಈ ಅಭಿಮಾನವೇ ನನ್ನನ್ನು ಚಳವಳಿಗೆ ಎಳೆದದ್ದು. ಕಲಬುರಗಿಯ ಸೇಡಂ ರಸ್ತೆಯ ನಮ್ಮ ಬಡಾವಣೆಯಲ್ಲಿ ಎದುರು ಮನೆಯವರು ವಕೀಲ ಶರಣಪ್ಪ. ಒಂದು ದಿನ ಬೆಳಿಗ್ಗೆ ಹಾಲಿನ ಪಾಕೀಟು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದು, ಸರ್ಕಾರ ಹೊಸ ಕಾಯ್ದೆಯೊಂದರ ಕರಡು ಹೊರಡಿಸಿದೆ, ಪೊಲೀಸರಿಗೆ ಬರೀ ಅನುಮಾನ ಬಂದರೆ ಸಾಕು, ಯಾರ ಮನೆಗಾದರೂ ನುಗ್ಗಿ ಝಡತಿ ಮಾಡಬಹುದಂತೆ ಎಂದರು. ಝಡತಿ ಎಂದರೆ ನಮ್ಮ ಕಡೆ ಮೂಲೆ ಮೂಲೆ ಜಾಲಾಡುವುದು. ಈಗಲೂ ತುರ್ತು ಬಿದ್ದರೆ ವಾರಂಟಿಲ್ಲದೆ ಬರುತ್ತಾರೆ, ಆದರೆ ಏನು ಹುಡುಕುತ್ತಿದ್ದೇವೆ, ಯಾಕೆ ಹುಡುಕುತ್ತಿದ್ದೇವೆ ಎಂದು ಬರೆದಿಡಬೇಕು. ಹೊಸ ಕಲಮಿನಲ್ಲಿ ಆ ತಾಪತ್ರಯವೂ ಇಲ್ಲ ಎಂದು ಬಿಡಿಸಿ ಹೇಳಿದರು. ಆಕ್ಷೇಪಣೆ ಸಲ್ಲಿಸಲು ಒಂದು ತಿಂಗಳ ಅವಕಾಶವಿತ್ತು. ಸಹಿ ಸಂಗ್ರಹಿಸೋಣ ಎಂದರು. ನಾನು ಕೂಡಲೇ ಒಪ್ಪಿದೆ. ಹೆಸರು, ವಿಳಾಸ, ಫೋನ್ ನಂಬರು, ಸಹಿ, ಕೊನೆಗೆ ‘ನಿಮ್ಮ ಅನುಭವವೇನಾದರೂ ಇದ್ದರೆ ಬರೆಯಿರಿ’ ಎಂಬ ಅಗಲವಾದ ಖಾನೆ, ಹೀಗೆ ಹಾಳೆಗೆ ಗೆರೆ ಎಳೆದವನೂ ನಾನೇ. ಖಾನೆ ಮಾಡುವುದೆಂದರೆ ನನಗೆ ಈಗಲೂ ಹುಮ್ಮಸ್ಸು.

ಮೊದಲ ಸಹಿ ಮನೆಯಿಂದಲೇ ಆಗಲಿ ಎಂದು ಹೆಂಡತಿ ಮಹಾನಂದೆಯ ಮುಂದೆ ಹಾಳೆ ಹಿಡಿದೆ. ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ನನಗೆ ಸಕ್ಕರೆ ಕಾಯಿಲೆ. ಹೊರಗೆ ಹೋದವನು ಪೇಢೆ ತಿಂದು ಬಂದಿದ್ದೇನೆಯೇ ಎಂದು ಅವಳು ದಿನಾ ಸಂಜೆ ನನ್ನ ಅಂಗಿಯ ಜೇಬು, ಪ್ಯಾಂಟಿನ ಜೇಬು, ಚೀಲ ಎಲ್ಲವನ್ನೂ ಝಾಡಿಸಿ ನೋಡುತ್ತಿದ್ದಳು. ಪೇಢೆ ಕಟ್ಟಿದ ಕಾಗದದ ಒಂದು ಚೂರು ಸಿಕ್ಕರೆ ಮುಗಿಯಿತು, ಮರುದಿನದ ಚಹಾಕ್ಕೆ ಸಕ್ಕರೆಯ ವಾಸನೆಯೂ ಇರುತ್ತಿರಲಿಲ್ಲ. ಹಾಗಾಗಿ ನಾಗರಿಕರ ಖಾಸಗಿ ಬದುಕಿನ ಬಗ್ಗೆ ಅಂದು ನಾನು ಅವಳಿಗೆ ಕೊಟ್ಟ ಭಾಷಣದಲ್ಲಿ ಸ್ವಲ್ಪ ಸ್ವಾರ್ಥವೂ ಬೆರೆತಿತ್ತು. ಅವಳು ಎಲ್ಲ ಕೇಳಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, “ಮೊದ್ಲ ಈ ಕಾಯ್ದೆ ಮನಿಯಾಗ ನಡೀಲಿ ರೀ. ನಾ ನಿಮ್ಮ ಚೀಲ ಮುಟ್ಟಂಗಿಲ್ಲ, ನೀವು ನನ್ನ ಟ್ರಂಕ್ ಮುಟ್ಟಂಗಿಲ್ಲ. ನಡದದ್ದು ನೋಡಿ ಆಮ್ಯಾಲ ಸಹಿ ಮಾಡ್ತೀನಿ,” ಎಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಅವಳ ಟ್ರಂಕಿನಲ್ಲಿ ನನ್ನದೇನು ಕೆಲಸ? ಒಪ್ಪಂದ ಅಂದೇ ಜಾರಿಗೆ ಬಂತು. ಆ ತಿಂಗಳು ನಾನು ತಿಂದ ಪೇಢೆಯ ಲೆಕ್ಕವನ್ನು ಇಲ್ಲಿ ಕೊಡುವುದಿಲ್ಲ.

ಊರಲ್ಲಿ ಸಹಿ ಸಿಗುವುದೂ ಸುಲಭವಿರಲಿಲ್ಲ. ‘ತಪ್ಪು ಮಾಡದವರಿಗೆ ಯಾಕ್ರಿ ಅಂಜಿಕಿ’ ಎಂದು ಕೇಳಿದವರೇ ಹೆಚ್ಚು. ಅಂಥವರಿಗೆ ಉತ್ತರ ಹೇಳಲು ನನಗೂ ಬಾಯಿ ತೊದಲುತ್ತಿತ್ತು, ಶಹಾಬಜಾರದ ಸುಜಾತಾಬಾಯಿ ಸಿಗುವವರೆಗೆ. ಸಣ್ಣ ಓಣಿಯ ಸಣ್ಣ ಮನೆಯಲ್ಲಿ ಆಕೆ ಹೊಲಿಗೆ ಮಾಡುತ್ತಾಳೆ. ಕೆಲವು ವರ್ಷಗಳ ಹಿಂದೆ ಯಾರನ್ನೋ ಹುಡುಕಿಕೊಂಡು ಬಂದ ಪೊಲೀಸರು ಓಣಿ ತಪ್ಪಿ ಆಕೆಯ ಮನೆ ಹೊಕ್ಕಿದ್ದರಂತೆ. ಜೋಳದ ಡಬ್ಬಿ ಸುರಿದರು, ಹೊಲಿಯಲು ಬಂದ ಬಟ್ಟೆಗಳನ್ನು ಅಂಗಳಕ್ಕೆ ಎಸೆದರು, ಅಳತೆ ಬರೆದಿಟ್ಟ ಪುಸ್ತಕವನ್ನು ಬಾಗಿಲಲ್ಲಿ ನಿಂತು ಪುಟ ಪುಟ ತಿರುವಿ ನೋಡಿದರು. ಹುಡುಕುತ್ತಿದ್ದವನು ಇಲ್ಲಿಲ್ಲ ಎಂದು ಗೊತ್ತಾದ ಮೇಲೆ ಹೊರಟು ಹೋದರು. ಓಣಿಯ ಹೆಂಗಸರು ಮಾತ್ರ ಎಷ್ಟೋ ದಿನ ಆಕೆಯ ಮನೆಗೆ ಬಟ್ಟೆ ತರಲಿಲ್ಲ. “ಬ್ಲೌಸಿನ ಅಳತಿ ನಾ ಅವ್ರ ಗಂಡಂದಿರ ಮುಂದೂ ಹೇಳಂಗಿಲ್ರಿ ಅಣ್ಣಾರ. ಅಂಥಾದ್ದು ಬೀದ್ಯಾಗ ನಿಂತು ಓದಿದ್ರು,” ಎಂದಳು. ಖಾಸಗಿ ಬದುಕು ಎಂದರೇನು ಎಂದು ಶರಣಪ್ಪನವರು ನನಗೆ ಒಂದು ವಾರ ಪಾಠ ಹೇಳಿದ್ದರು. ನನಗೆ ಅದು ಅರ್ಥವಾದದ್ದು ಅಂದು, ಆ ಮಾತಿನಿಂದ.

ಸಹಿ ಹಾಕಲು ಮಾತ್ರ ಆಕೆ ಹಿಂದೆ ಮುಂದೆ ನೋಡಿದಳು. ಹೆಸರು ಬರೆಯಲು ಹೆದರಬಾರದು ತಂಗಿ, ಹೆದರಿ ಹೆದರಿಯೇ ನಮಗೆ ಈ ಗತಿ ಬಂದದ್ದು ಎಂದು ನಾನು ದೊಡ್ಡದಾಗಿ ಹೇಳಿದೆ. ಕೊನೆಗೆ ಆಕೆ ನಡೆದದ್ದನ್ನೆಲ್ಲ ಆ ಅಗಲದ ಖಾನೆಯಲ್ಲಿ ಬರೆದು, ಸಹಿ ಮಾಡಿ, ಪೆನ್ನು ಕೊಡುತ್ತ, “ಈ ಕಾಗದ ಕೊಡೂ ಜಾಗಕ್ಕ ಕೊಡೂತನ ನಿಮ್ಮ ಕೈ ಬಿಟ್ಟು ಹೋಗಬಾರ್ದು ನೋಡ್ರಿ ಅಣ್ಣಾರ. ನಿಮ್ಮ ಮ್ಯಾಲ ಖಾತ್ರಿ ಇಟ್ಟೀನಿ,” ಎಂದಳು. ಟಪಾಲಿನವನ ಮೇಲೆ ಖಾತ್ರಿ ಇಡದೆ ಇನ್ಯಾರ ಮೇಲೆ ಇಡುತ್ತೀ ಎಂದು ಹೇಳಿ ಬಂದೆ.

ಬಂದವನು ಮಾಡಿದ್ದೇನು? ಹಾಳೆಗಳನ್ನೆಲ್ಲ ಒಂದು ಕಟ್ಟು ಮಾಡಿ, ಅಂಚೆ ಕಚೇರಿಯ ರೀತಿಯಲ್ಲಿ ಸುತ್ತಲಿ ದಾರದಿಂದ ಎರಡು ಸುತ್ತು ಬಿಗಿದು, ದಿನಕ್ಕೊಂದು ಜಾಗದಲ್ಲಿ ಬಚ್ಚಿಡತೊಡಗಿದೆ. ಸೋಮವಾರ ಗಾದಿಯ ಕೆಳಗೆ, ಮಂಗಳವಾರ ದೇವರ ಫೋಟೋದ ಹಿಂದೆ, ಬುಧವಾರ ಹಳೆಯ ಕೂಲರಿನೊಳಗೆ. ಎಲ್ಲಿಟ್ಟೆ ಎಂದು ನನಗೇ ಗೊತ್ತಿರದಿದ್ದರೆ ಬೇರೆಯವರಿಗೆ ಗೊತ್ತಾಗುವುದು ಸಾಧ್ಯವೇ ಇಲ್ಲವಲ್ಲ!

ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ ಸೋಮವಾರ. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಉಳಿದ ಸಹಿಗಳಿಗಾಗಿ ಕಮಲಾಪುರಕ್ಕೆ ಹೋದೆ. ಅಲ್ಲಿ ನನ್ನ ಅಕ್ಕ ನೀಲಮ್ಮ ಇದ್ದಾಳೆ, ಅವರದು ಕೆಂಪು ಬಾಳೆಯ ತೋಟ. ಅಕ್ಕ ಊರಲ್ಲಿ ನನ್ನ ಜೊತೆಗೇ ತಿರುಗಿ ನಾಲ್ಕಾರು ಹಾಳೆ ತುಂಬಿಸಿಕೊಟ್ಟಳು. ಅವನ್ನೂ ಕಟ್ಟಿಗೆ ಸೇರಿಸಿ ಬಿಗಿದು ಚೀಲಕ್ಕೆ ಹಾಕಿದೆ. ಇದು ಭಾಳ ಮಂದಿಯ ಹೆಸರಿರುವ ಕಾಗದ, ಜೋಪಾನ ಮಾಡಬೇಕು ಎಂದು ಅವಳಿಗೂ ಹತ್ತು ಸಲ ಹೇಳಿದ್ದೆ. ಊಟ ಮಾಡಿ ಸ್ವಲ್ಪ ಅಡ್ಡಾಗಿ, ಎದ್ದು, ಗೂಟಕ್ಕಿದ್ದ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಚೀಲ ಭಾರವಾಗಿತ್ತು. ಜನರ ಹೊಣೆ ಹೊತ್ತವನಿಗೆ ಹೆಗಲು ನೋಯದೆ ಇರುತ್ತದೆಯೇ ಎಂದುಕೊಂಡೆ. ಮನೆಗೆ ಬಂದವನೇ ಚೀಲ ತಗುಲಿಹಾಕಿ ಮಲಗಿದೆ.

ಭಾನುವಾರ ಬೆಳಿಗ್ಗೆ ಶರಣಪ್ಪನವರು, ಕಟ್ಟು ತಯಾರಿಡಿ, ಹಾಳೆಗಳಿಗೆ ನಂಬರು ಹಾಕಬೇಕು ಎಂದು ಫೋನು ಮಾಡಿದರು. ನಿನ್ನೆ ಎಲ್ಲಿ ಬಚ್ಚಿಟ್ಟೆ ಎಂದು ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ. ಬಚ್ಚಿಟ್ಟಿರಲೇಬೇಕು, ಅಷ್ಟು ಮಹತ್ವದ ಕಟ್ಟನ್ನು ಬರೀ ಚೀಲದಲ್ಲಿ ಬಿಡುವಷ್ಟು ಬೇಜವಾಬ್ದಾರಿ ಮನುಷ್ಯ ನಾನಲ್ಲ. ಗಾದಿ ಎತ್ತಿದೆ. ಕೂಲರಿನ ಹುಲ್ಲು ಕಿತ್ತೆ. ಹಿಟ್ಟಿನ ಡಬ್ಬಿಗೆ ಮೊಳಕೈವರೆಗೆ ಕೈ ಹಾಕಿದೆ. ದೇವರ ಫೋಟೋ ತೆಗೆದು ನೋಡಿ, ತಪ್ಪಾಯಿತು ಎಂದು ಕೈಮುಗಿದು ಇಟ್ಟೆ. ಹತ್ತು ಗಂಟೆಯ ಹೊತ್ತಿಗೆ ಮನೆ ನೋಡಿದವರು ಪೊಲೀಸರು ಬಂದು ಹೋಗಿದ್ದಾರೆ ಎಂದೇ ಹೇಳಬೇಕು, ಹಾಗಾಗಿತ್ತು. ಸುಜಾತಾಬಾಯಿಯ ಹೆಸರು, ವಿಳಾಸ, ಆಕೆ ಬರೆದ ಮಾತು ಎಲ್ಲವೂ ಯಾರ ಕೈ ಸೇರಿದೆಯೋ? ನಾಳೆ ಆಕೆಯ ಮುಂದೆ ನಿಂತು ಏನು ಹೇಳಲಿ?

ಮಹಾನಂದೆ ನೆರೆಮನೆಯ ಉಡಿ ತುಂಬುವ ಕಾರ್ಯಕ್ಕೆ ಹೋಗಿದ್ದಳು. ಮನೆಯಲ್ಲಿ ಹುಡುಕದೆ ಉಳಿದದ್ದು ಅವಳ ಟ್ರಂಕು ಒಂದೇ. ಕೀಲಿ ಉಪ್ಪಿನ ಭರಣಿಯ ಹಿಂದೆ ಇರುತ್ತದೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತು. ಒಪ್ಪಂದ ನೆನಪಾಯಿತು. ಆದರೆ ಇದು ತುರ್ತು ಪರಿಸ್ಥಿತಿ, ಜನಹಿತದ ಪ್ರಶ್ನೆ, ಮೇಲಾಗಿ ನನಗೆ ಬಲವಾದ ಅನುಮಾನವಿದೆ ಎಂದು ಸಮಾಧಾನ ಮಾಡಿಕೊಂಡು ಬೀಗ ತೆಗೆದೆ. ಇಳಕಲ್ಲ ಸೀರೆಗಳ ಕೆಳಗೆ ಒಂದು ಕಟ್ಟು ಕೈಗೆ ಸಿಕ್ಕಿತು. ಹೊರಗೆ ತೆಗೆದರೆ ಹಳೆಯ ಇನ್‌ಲ್ಯಾಂಡ್ ಪತ್ರಗಳು. ಮದುವೆಯಾದ ಹೊಸತರಲ್ಲಿ ಬೇರೆ ಊರಲ್ಲಿ ನೌಕರಿಗಿದ್ದಾಗ ನಾನು ಅವಳಿಗೆ ಬರೆದವು. ಒಂದನ್ನು ಬಿಡಿಸಿದೆ. ಒಂದು ಹೋಗಿ ಎರಡಾಯಿತು, ಎರಡು ಹೋಗಿ ನಾಲ್ಕಾಯಿತು. ಎಷ್ಟು ಚೆಂದ ಬರೆಯುತ್ತಿದ್ದೆ ನಾನು! ಬರೆದವನು ನಾನೇ ನಿಜ, ಆದರೆ ತಲುಪಿದ ಮೇಲೆ ಪತ್ರ ವಿಳಾಸದವರದು. ಮೂವತ್ತು ವರ್ಷ ಉಳಿಸಿಕೊಂಡು ಬಂದ ವ್ರತ ಹೀಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಲ್ಲಿ ಮುರಿಯಿತು ಎಂದು ಹೊಳೆಯುವಷ್ಟರಲ್ಲಿ ಬಾಗಿಲಲ್ಲಿ ಬಳೆಯ ಸದ್ದಾಯಿತು.

ಉಡಿ ತುಂಬಿಸಿಕೊಂಡು ಬಂದ ಅವಳು ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಹಿಡಿದುಕೊಂಡೇ ನನ್ನನ್ನೂ ಟ್ರಂಕನ್ನೂ ನೋಡಿದಳು. “ಏನ್ ಹುಡುಕಾಕತ್ತೀರಿ, ಎಲ್ಲಿ ಹುಡುಕಾಕತ್ತೀರಿ, ಯಾಕ ಹುಡುಕಾಕತ್ತೀರಿ. ಬರದು ಕೊಡ್ರಿ,” ಎಂದಳು.

ನಾನು ಸುಳ್ಳು ಹೇಳುವ ಸ್ಥಿತಿಯಲ್ಲಿರಲಿಲ್ಲ. ಕಟ್ಟು ಕಳೆದಿದೆ, ನಾನು ಮುಳುಗಿದೆ ಎಂದೆ. ಚೀಲದಲ್ಲಿ ನೋಡಿದಿರಾ ಎಂದು ಕೇಳಿದಳು. ಚೀಲದಲ್ಲಿ ಯಾಕಿರುತ್ತದೆ ಎಂದೆ. ನಿನ್ನೆ ಸಂಜೆಯಿಂದ ನಿಮ್ಮ ಚೀಲದಿಂದ ಬಾಳೆಹಣ್ಣಿನ ವಾಸನೆ ಬರುತ್ತಿದೆ, ಆದರೆ ಅದು ನಿಮ್ಮ ಖಾಸಗಿ ವಿಷಯ, ನಾನ್ಯಾಕೆ ಮುಟ್ಟಲಿ ಎಂದಳು. ಓಡಿ ಹೋಗಿ ಚೀಲ ತೆಗೆದೆ. ಒಂದು ಡಜನ್ ಕೆಂಪು ಬಾಳೆಹಣ್ಣು, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಕಟ್ಟು ಇಲ್ಲ. ತವರಿನಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಕ್ಕ, ನಾನು ಮಲಗಿದ್ದಾಗ, ಚೀಲದಲ್ಲಿ ಜಾಗ ಮಾಡಿದ್ದಳು. ಹಿಂದಿನ ಹಾಗೆ ಮಹಾನಂದೆ ಶನಿವಾರ ಸಂಜೆಯೇ ಚೀಲ ಝಾಡಿಸಿದ್ದರೆ ಆಗಲೇ ಗೊತ್ತಾಗಿಬಿಡುತ್ತಿತ್ತು. ಕಾಯ್ದೆಯನ್ನು ಇಷ್ಟು ಚಾಚೂ ತಪ್ಪದೆ ಪಾಲಿಸುವವರು ಮನೆಯಲ್ಲಿದ್ದರೆ ಕಷ್ಟ.

ಅಕ್ಕನಿಗೆ ಫೋನು ಮಾಡಿದರೆ ಎತ್ತುತ್ತಿಲ್ಲ. ಮುಂದಿನ ಬಸ್ಸಿಗೇ ಕಮಲಾಪುರಕ್ಕೆ ಓಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಒಲೆ ಹೊತ್ತಿಸಲು ಬಳಸಿದರೋ, ಹಣ್ಣಿನ ಬುಟ್ಟಿಗೆ ಹಾಸಿದರೋ. ಅಕ್ಕ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನ ಮುಖ ನೋಡಿದವಳೇ ಎದ್ದು ದೇವರ ಜಗಲಿಗೆ ಕರೆದುಕೊಂಡು ಹೋದಳು. ಅಲ್ಲಿ, ಮಡಿ ಬಟ್ಟೆಯ ಮೇಲೆ, ವಿಭೂತಿ ಬಳಿದು ಒಂದು ಹೂವಿಟ್ಟುಕೊಂಡು, ನನ್ನ ಕಟ್ಟು ತಣ್ಣಗೆ ಕೂತಿತ್ತು. ಸುತ್ತಲಿಯ ಎರಡು ಸುತ್ತು ನಾನು ಬಿಗಿದ ಹಾಗೆಯೇ ಇದ್ದವು. ನನಗೆ ಅಲ್ಲೇ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಬಿಚ್ಚಿ ನೋಡಲಿಲ್ಲವೇ ಎಂದು ಕೇಳಿದೆ.

“ಮಂದಿ ಹೆಸರು ಅದಾವ ಅಂತ ನೀನ ಹೇಳಿದ್ದಿ. ನಾ ಯಾಕ ಬಿಚ್ಚಲಿ ತಮ್ಮಾ,” ಎಂದಳು ಅಕ್ಕ.

ಮತ್ತೆ ನನ್ನನ್ನು ಕೇಳದೆ ಚೀಲ ಯಾಕೆ ತೆರೆದೆ ಎಂದು ಅವಳನ್ನು ಕೇಳಲು ಬಾಯಿ ಬರಲಿಲ್ಲ. ಚೀಲ ತೆರೆದವಳು ಕಟ್ಟು ತೆರೆಯಲಿಲ್ಲ. ಎಲ್ಲಿ ನಿಲ್ಲಬೇಕೆಂದು ಅವಳಿಗೆ ಯಾವ ವಕೀಲರೂ ಪಾಠ ಹೇಳಿರಲಿಲ್ಲ. ಹೊರಡುವಾಗ ಇನ್ನೊಂದು ಡಜನ್ ಹಣ್ಣು ಹಿಡಿದು ನಿಂತು, ಈ ಸಲ ಪರವಾನಗಿ ಕೇಳಿಯೇ ಇಟ್ಟಳು. ಬಸ್ಸಿನಲ್ಲಿ ಕಟ್ಟನ್ನು ಎದೆಗವಚಿಕೊಂಡು ಕೂತೆ. ಅಷ್ಟು ಹಗುರವಾದ ಪ್ರಯಾಣ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಸೋಮವಾರ ಕಟ್ಟು ಸೇರಬೇಕಾದ ಕಚೇರಿಗೆ ಸೇರಿತು. ಕೆಲವು ತಿಂಗಳ ಮೇಲೆ ಆ ಕಲಮನ್ನು ಕೈಬಿಟ್ಟಿದ್ದಾರೆಂದು ಶರಣಪ್ಪನವರು ಬಂದು ಹೇಳಿದರು, ಆ ದಿನವೂ ಕೈಯಲ್ಲಿ ಹಾಲಿನ ಪಾಕೀಟಿತ್ತು. ನಮ್ಮ ಹಾಗೆ ಎಷ್ಟೋ ಊರಿನವರು ಬರೆದಿದ್ದರಂತೆ. ಸುಜಾತಾಬಾಯಿಗೆ ಸುದ್ದಿ ಮುಟ್ಟಿಸಿದಾಗ ಆಕೆ ಅಳತೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನಕ್ಕಳು. ನನಗೂ ಈಗ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಜೇಬಿನ ಝಡತಿ ಮಾತ್ರ ಮತ್ತೆ ಶುರುವಾಗಿದೆ. ಮನೆಯ ಒಪ್ಪಂದವನ್ನು ಮೊದಲು ಮುರಿದವನು ನಾನಾದ್ದರಿಂದ ಮೇಲ್ಮನವಿಗೆ ಅವಕಾಶವಿಲ್ಲ.

ಆ ಸೋಮವಾರದ ಒಂದು ಸಂಗತಿಯನ್ನು ಹೇಳದೆ ದಾಟಿಸಿಬಿಡೋಣವೆಂದಿದ್ದೆ. ಆಗುತ್ತಿಲ್ಲ. ಅಂದು ಬೆಳಿಗ್ಗೆ ಮಹಾನಂದೆ ತಾನಾಗಿ ಹಾಳೆ ಕೇಳಿದಳು. ಬಹಳ ಹೊತ್ತು ಏನೋ ಬರೆದು, ಸಹಿ ಮಾಡಿ, ಕಟ್ಟಿನ ತಳದಲ್ಲಿ ಸೇರಿಸಿ, ತಾನೇ ಸುತ್ತಲಿ ಬಿಗಿದು ಕೊಟ್ಟಳು. ಹಿಂದಿನ ದಿನವಷ್ಟೇ ಬುದ್ಧಿ ಕಲಿತಿದ್ದ ನಾನು ಬಿಚ್ಚಿ ನೋಡಲಿಲ್ಲ. ಕಚೇರಿಯಲ್ಲಿ ಶರಣಪ್ಪನವರಿದ್ದರು, ತನ್ನ ಕಾಗದ ಮುಟ್ಟಿತೋ ಇಲ್ಲವೋ ನೋಡಲು ಸುಜಾತಾಬಾಯಿಯೂ ಬಂದಿದ್ದಳು. ಟಪಾಲು ತೆಗೆದುಕೊಳ್ಳುವ ಗುಮಾಸ್ತ ಕಟ್ಟು ಬಿಚ್ಚಿ, ಎಲ್ಲ ಬಿಟ್ಟು ಕೊನೆಯ ಹಾಳೆಯನ್ನೇ ಎತ್ತಿ, ಗಟ್ಟಿಯಾಗಿ ಓದಿದ: ‘ನಿನ್ನೆ ಭಾನುವಾರ ನಾನು ಮನೆಯಲ್ಲಿ ಇಲ್ಲದಾಗ, ಬರೀ ಅನುಮಾನದ ಮೇಲೆ, ನನ್ನ ಟ್ರಂಕಿನ ಬೀಗ ತೆಗೆದು ಝಡತಿ ಮಾಡಲಾಗಿದೆ. ನನ್ನ ಖಾಸಗಿ ಪತ್ರಗಳನ್ನು ಓದಲಾಗಿದೆ. ಏನೂ ಸಿಕ್ಕಿಲ್ಲ.’

ಶರಣಪ್ಪನವರ ಕಣ್ಣರಳಿತು. ಇಷ್ಟು ಬಲವಾದ ಸಾಕ್ಷಿ ನಮ್ಮಲ್ಲಿ ಇನ್ನೊಂದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಸುಜಾತಾಬಾಯಿ ಅಯ್ಯೋ ಪಾಪ ಎಂದು ಲೊಚಗುಟ್ಟಿದಳು. ಗುಮಾಸ್ತ ನನ್ನತ್ತ ಪೆನ್ನು ಚಾಚಿ, “ಝಡತಿ ಮಾಡಿದವರು ಯಾರು ಅಂತ ಬರದಿಲ್ಲಲ್ರಿ. ಗೊತ್ತಿದ್ರ ಹೆಸರು ಬರೀರಿ, ಅಂಜಬ್ಯಾಡ್ರಿ,” ಎಂದ.

ಹೆಸರು ಬರೆಯಲು ಹೆದರಬೇಡಿ ಎಂದು ಒಂದು ತಿಂಗಳು ಕಲಬುರಗಿಯಿಂದ ಕಮಲಾಪುರದವರೆಗೆ ಹೇಳಿಕೊಂಡು ತಿರುಗಿದವನು ನಾನು. ಪೆನ್ನನ್ನು ನೋಡಿದೆ, ಸುಜಾತಾಬಾಯಿಯನ್ನು ನೋಡಿದೆ, ಆಮೇಲೆ ನನ್ನ ಚಪ್ಪಲಿಯನ್ನು ನೋಡಿದೆ.

“ಇನ್ನೂ ಗೊತ್ತಾಗಿಲ್ರಿ,” ಎಂದೆ, “ಹುಡುಕಾಕತ್ತೀವಿ.”