ತವರಿನ ಬೇವಿನ ಬಾಗಿಲು

ನಾನು ಸಿಟ್ಟಿನ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ನ್ಯಾಮತಿಯಲ್ಲಿ ಈಗ ಬೇರೆ ಸುದ್ದಿ ಹಬ್ಬಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಏನೇ ಹೇಳಿದರೂ ಕಾರಣ ಸಮೇತ ಹೇಳುವವಳು. ನಮ್ಮ ಮನೆಯವರು ಹೊನ್ನಾಳಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟವರು. ಜಗಳಕ್ಕೆ ಇಷ್ಟೇ ಸಾಕಲ್ಲವೇ ಎಂದು ನೀವು ಕೇಳಿದರೆ, ಸಾಕು.

ಬೇಸಿಗೆಯಲ್ಲಿ ಶಿಕ್ಷಕರ ತರಬೇತಿಗೆಂದು ದಾವಣಗೆರೆಗೆ ಹೋಗಿದ್ದೆ. ಅಲ್ಲೊಬ್ಬರು ಮನೆ ಕಟ್ಟುವ ಬಗ್ಗೆ ಮಾತಾಡಿದರು. ಸಿಮೆಂಟು, ಕಬ್ಬಿಣ ತಯಾರಿಸುವಾಗ ಭಟ್ಟಿಯಿಂದ ಇಂಗಾಲವೆಲ್ಲ ಗಾಳಿಗೆ ಹೋಗುತ್ತದೆ, ಮರವಾದರೆ ಬೆಳೆಯುತ್ತಲೇ ಇಂಗಾಲವನ್ನು ತನ್ನೊಳಗೆ ಹಿಡಿದಿಡುತ್ತದೆ, ಹೊರದೇಶದ ಮರ ತರಿಸುವ ಬದಲು ನಿಮ್ಮ ಸುತ್ತಮುತ್ತ ಬೆಳೆದದ್ದನ್ನೇ ಬಳಸಿ, ಕಡಿದ ಕಡೆ ಸಸಿ ನೆಡಿ ಎಂದರು. ಒಂದೊಂದು ಮಾತೂ ಮನಸ್ಸಿಗೆ ನಾಟಿತು. ಇಷ್ಟು ವರ್ಷ ನಾನು ಉಂಡ ಅನ್ನವೆಲ್ಲ ಸಿಮೆಂಟಿನದು ಎಂದು ನೆನೆದು ಬಸ್ಸಿನಲ್ಲಿ ಕೂತಲ್ಲೇ ಬೇಸರವಾಯಿತು.

ಆಗ ನಮ್ಮ ಹಳೆ ಮನೆಯ ತಲೆಬಾಗಿಲು ಬದಲಿಸಿ, ಮೇಲೊಂದು ಕೋಣೆ ಕಟ್ಟಿಸುವ ಮಾತು ನಡೆದಿತ್ತು. ಮನೆಗೆ ಬಂದವಳೇ ಹೇಳಿದೆ.

"ರೀ, ತಲೆಬಾಗಿಲು, ಮಹಡಿ ಕೋಣೆ ಸೂರು, ಎರಡೂ ನಮ್ಮ ಸೀಮೆ ಮರದಾಗೇ ಆಗಬೇಕು."

ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಸಿಮೆಂಟ್ ಮಾರೋನೇ ಮರದ ಸೂರು ಹಾಕಿದ್ರೆ ಅಂಗಡಿಗೆ ಯಾರು ಬರ್ತಾರೆ?"

"ನಿಮ್ಮ ಅಂಗಡಿ ಸಲುವಾಗಿ ಭೂಮಿ ಕಾದು ಹೋಗಬೇಕಾ?"

"ಭೂಮಿ ನನ್ನ ಅಂಗಡಿಗೆ ಯಾವತ್ತೂ ಗಿರಾಕಿಯಾಗಿ ಬಂದಿಲ್ಲ ಬಿಡು."

ಸುದೀರ್ಘ ಚರ್ಚೆಯ ನಂತರ ಅತ್ತೆಯವರ ಅಧ್ಯಕ್ಷತೆಯಲ್ಲಿ ನಿರ್ಣಯವೊಂದು ಅಂಗೀಕಾರವಾಯಿತು. ಮೊದಲು ತಲೆಬಾಗಿಲನ್ನು ಮರದಲ್ಲಿ ಮಾಡಿಸತಕ್ಕದ್ದು. ದೀಪಾವಳಿಯ ಹೊತ್ತಿಗೆ ಅದು ಸಲೀಸಾಗಿ ತೆರೆದು ಮುಚ್ಚುತ್ತಿದ್ದರೆ ಮಹಡಿಗೂ ಮರದ ಸೂರು. ಇಲ್ಲವಾದರೆ ಸಿಮೆಂಟಿನ ತಾರಸಿ, ಮತ್ತು ಸೊಸೆಯಾದವಳು ಮುಂದೆಂದೂ ಈ ವಿಷಯ ಎತ್ತತಕ್ಕದ್ದಲ್ಲ. ನಾನು ನಗುನಗುತ್ತಾ ಒಪ್ಪಿದೆ. ಬಾಗಿಲು ತೆರೆಯುವುದೂ ಒಂದು ಪರೀಕ್ಷೆಯೇ!

ಮರಕ್ಕೂ ಹುಡುಕಾಟ ಬೇಕಾಗಲಿಲ್ಲ. ಸವಳಂಗದ ಹತ್ತಿರ ನನ್ನ ತವರು. ಅಣ್ಣನ ಹೊಲದ ದೊಡ್ಡ ಬೇವಿನ ಮರ ಆಗತಾನೆ ಗಾಳಿಗೆ ಉರುಳಿತ್ತು. ಚಿಕ್ಕಂದಿನಲ್ಲಿ ನಾನು ಜೋಕಾಲಿ ಕಟ್ಟಿ ಆಡಿದ ಮರ. "ನಿನ್ನ ಹೆಸರು ಹೇಳಿಯೇ ಬಿದ್ದೈತೆ ತಗಾ" ಎಂದು ಅಣ್ಣ ಟ್ರ್ಯಾಕ್ಟರಿನಲ್ಲಿ ಕಳಿಸಿದ. ಅದರ ಜಾಗದಲ್ಲಿ ಸಸಿಯನ್ನೂ ನೆಟ್ಟು ಬಂದೆ.

ಬಡಗಿ ಮೌನೇಶಪ್ಪ ಮರವನ್ನು ತಟ್ಟಿ ನೋಡಿ, "ಇನ್ನೂ ಹಸಿ ಐತ್ರಿ ಮೇಡಂ, ಒಣಗಾಕೆ ಬಿಡಬೇಕು" ಎಂದ. ಅದೇ ಉಸಿರಿನಲ್ಲಿ, "ಆದ್ರೂ ನನ್ನ ಕೈ ಬಿದ್ದ ಮ್ಯಾಲೆ ಯಾವ ಮರನೂ ತಲೆ ಎತ್ತಾಕಿಲ್ಲ ಬಿಡ್ರಿ" ಎಂದೂ ಸೇರಿಸಿದ.

ಅತ್ತೆ ನಡುವೆ ಬಂದರು. "ಆಷಾಢ ಬರೋದ್ರೊಳಗೆ ಬಾಗ್ಲು ನಿಲ್ಲಬೇಕು. ಅಯ್ಯನೋರು ದಿನ ಇಟ್ಟುಕೊಟ್ಟಾರೆ."

ಇಬ್ಬರೂ ನನ್ನ ಮುಖ ನೋಡಿದರು. ವಿಜ್ಞಾನ ಕಲಿತವಳಲ್ಲವೇ, ತೀರ್ಪು ಕೊಟ್ಟೆ. "ನಿಂತ ಮ್ಯಾಲೂ ಒಣಗ್ತೈತೆ. ತಲೆಬಾಗಿಲಿಗೆ ಗಾಳಿ, ಬಿಸಿಲು ಎರಡೂ ಬೀಳ್ತವೆ. ಅದರ ಪಾಡಿಗೆ ಅದನ್ನ ಬಿಟ್ರೆ ಸಾಕು."

ಹೀಗೆ ಶುಭ ಮುಹೂರ್ತದಲ್ಲಿ ಬಾಗಿಲು ನಿಂತಿತು. ಮಾವಿನ ತೋರಣ ಕಟ್ಟಿದೆವು, ಊರಿಗೆಲ್ಲ ಪೇಡೆ ಹಂಚಿದೆವು. ಅಂದಿನಿಂದ ಆ ಬಾಗಿಲನ್ನು ನಾನು ನೋಡಿಕೊಂಡ ಹಾಗೆ ಹೆತ್ತ ಮಕ್ಕಳನ್ನೂ ನೋಡಿಕೊಂಡಿಲ್ಲ. ದಿನಾ ಬೆಳಗ್ಗೆ ಹೊಸ್ತಿಲು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ರಂಗೋಲಿ ಎಳೆದೆ. ಬೇರೆಯವರು ಹೊಸ್ತಿಲಿಗೆ ಒಂದು ಚೊಂಬು ನೀರು ಹಾಕಿದರೆ, ತವರಿನ ಮರವೆಂಬ ಪ್ರೀತಿಗೆ ನಾನು ಚೌಕಟ್ಟು, ಬಾಗಿಲು ಎಲ್ಲಕ್ಕೂ ಸೇರಿಸಿ ಕೊಡಗಟ್ಟಲೆ ಹಾಕಿದೆ. ಅತ್ತೆಯಂತೂ ಬೀದಿಯವರನ್ನು ಕರೆದು ತೋರಿಸಿದರು.

ಶ್ರಾವಣದಲ್ಲಿ ಬಾಗಿಲು ಕಿರ್ ಎಂದಿತು. ಹೊಸದಲ್ಲವೇ ಎಂದೆ. ಗಣೇಶನ ಹಬ್ಬದ ಹೊತ್ತಿಗೆ ಭುಜ ಕೊಟ್ಟು ತಳ್ಳಬೇಕಾಯಿತು. ಮೌನೇಶಪ್ಪ ಬಂದು ಉಜ್ಜುಗೊರಡು ಆಡಿಸಿ, "ಮೋಡದ ದೋಷ ರೀ" ಎಂದು ಆಕಾಶಕ್ಕೆ ಕೈ ತೋರಿಸಿ ಹೋದ. ಮಹಾನವಮಿಗೆ ಹೊಸ್ತಿಲ ಮೂಲೆಯಲ್ಲಿ ಒಂದು ಅಣಬೆ ಎದ್ದಿತು. ನಮ್ಮ ಮನೆಯವರು ಕುಕ್ಕುರುಗಾಲಿನಲ್ಲಿ ಕೂತು ಅದನ್ನು ಬಹಳ ಹೊತ್ತು ನೋಡಿದರು.

"ಪಲ್ಯಕ್ಕೆ ಸಾಲಲ್ಲ" ಎಂದರು.

ಮೈಯೆಲ್ಲ ಉರಿಯಿತು. ಅದು ಬಾಗಿಲಿಗೆ ಅಂದ ಮಾತಲ್ಲ, ನನ್ನ ತವರಿಗೆ ಅಂದದ್ದು. ಅವರ ಜತೆ ಮಾತು ಬಿಟ್ಟೆ. ಅಷ್ಟಕ್ಕೆ ನಿಲ್ಲದೆ, ಈ ಬಾಗಿಲಿನ ಮಹತ್ವ ತಿಳಿದವರು ಬಂದು ನೋಡಲಿ ಎಂದು ದೀಪಾವಳಿಗೆ ಮುಂಚಿನ ಭಾನುವಾರ ತರಬೇತಿಯ ಗೆಳತಿಯರನ್ನು ಕರೆದೆ. ಚನ್ನಗಿರಿಯಿಂದ ಒಬ್ಬರು, ಜಗಳೂರಿನಿಂದ ಒಬ್ಬರು. ಬಸ್ ಸ್ಟ್ಯಾಂಡಿಗೆ ನಾನೇ ಹೋಗಿ, ದಾರಿಯುದ್ದಕ್ಕೂ ಇಂಗಾಲದ ಬಗ್ಗೆ ಭಾಷಣ ಮಾಡುತ್ತಾ ಕರೆತಂದೆ. ಬಾಗಿಲಿಗೆ ಕೈ ಇಟ್ಟೆ. ಅಲುಗಲಿಲ್ಲ.

"ಅತ್ತೆ, ಚಿಲಕ ತೆಗೀರಿ."

"ತೆಗೆದೇ ಐತಮ್ಮ. ಬಾಗ್ಲೇ ಬರ್ತಿಲ್ಲ."

ನಾನು ತಳ್ಳಿದೆ. ಚನ್ನಗಿರಿಯವರು ತಳ್ಳಿದರು. ಜಗಳೂರಿನವರು ಸೆರಗು ಸಿಕ್ಕಿಸಿಕೊಂಡು ಕಾಲು ಕೊಟ್ಟರು. ಒಳಗಿನಿಂದ ಅತ್ತೆ ಶಿವನನ್ನು ಕರೆದರು. ಅಂಥ ಹೊತ್ತಿನಲ್ಲೂ ನಾನು ಪಾಠ ಬಿಡಲಿಲ್ಲ. "ನೋಡ್ರಿ, ಈ ಮರದೊಳಗೆ ಇಂಗಾಲ ಎಷ್ಟು ಭದ್ರವಾಗೈತೆ ಅಂದ್ರೆ…"

"ಇಂಗಾಲ ಒಂದೇ ಅಲ್ಲ, ನಿಮ್ಮ ಅತ್ತೇನೂ ಭದ್ರವಾಗವ್ರೆ" ಎಂದರು ಚನ್ನಗಿರಿಯವರು.

ಅತ್ತೆ ಪಾಪ, ಬಂದವರು ಹಸಿದಿರುತ್ತಾರೆಂದು ಕಿಟಕಿಯ ಸರಳಿನ ಸಂದಿಯಿಂದ ಮಂಡಕ್ಕಿ ಪೊಟ್ಟಣ ಚಾಚಿದರು. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಹಿತ್ತಿಲ ಬಾಗಿಲು ಒಂದಿತ್ತು, ನಿಜ. ಆದರೆ ಅದು ನಮ್ಮ ಮನೆಯವರು ಅಂಗಡಿಯಿಂದ ತಂದು ಕೂರಿಸಿದ ಕಬ್ಬಿಣದ ತಗಡಿನ ಬಾಗಿಲು. ಪ್ರಾಣ ಹೋದರೂ ಅತಿಥಿಗಳನ್ನು ಆ ಕಡೆ ಕರೆದೊಯ್ಯುವುದಿಲ್ಲ ಎಂದು ಜಗಲಿಯ ಮೇಲೆ ಗಟ್ಟಿಯಾಗಿ ಕೂತೆ. ಆಗ ಮಳೆ ಬಂತು.

ಸಾಲಾಗಿ ಹಿತ್ತಿಲಿಗೆ ನಡೆದೆವು. ನಮ್ಮ ಮನೆಯವರು ಅಲ್ಲಿ ಮೊದಲೇ ನಿಂತಿದ್ದರು. ತಗಡಿನ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿ, "ಬರ್ರಿ ಮೇಡಂ, ಬರ್ರಿ. ಬಟ್ಟೆ ತಂತಿ ಐತೆ, ತಲೆ ಬಗ್ಗಿಸ್ರಿ" ಎಂದರು. ಆ ಬೆರಳನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಗೆಳತಿಯರ ಮುಂದೆ ನಗುತ್ತಿದ್ದೆ, ಒಳಗೆ ಅಳು ಬಂದಿತ್ತು. ಮಹಡಿಯ ಮರದ ಸೂರು ಅಲ್ಲಿಗೆ ಮುಗಿದಿತ್ತು.

ಮಾರನೆಯ ಬೆಳಗ್ಗೆಯೂ ಸಿಟ್ಟು ಇಳಿದಿರಲಿಲ್ಲ. ಹಿತ್ತಿಲಿನಿಂದ ಸುತ್ತಿ ತಲೆಬಾಗಿಲಿಗೆ ಬಂದು ನನ್ನ ಕೆಲಸ ಶುರು ಮಾಡಿದೆ. ಕೈ ತನ್ನ ಪಾಡಿಗೆ ತೊಳೆಯುತ್ತಿತ್ತು, ಬಾಯಿ ತನ್ನ ಪಾಡಿಗೆ ಬಯ್ಯುತ್ತಿತ್ತು. ತರಬೇತಿಯಲ್ಲಿ ಮಾತಾಡಿದವರನ್ನು ಬಯ್ದೆ, ಮೌನೇಶಪ್ಪನನ್ನು ಬಯ್ದೆ, ಪಂಚಾಂಗವನ್ನು ಬಯ್ದೆ. ಜಗಲಿಯ ಮೇಲೆ ಟೀ ಕುಡಿಯುತ್ತಾ ನಮ್ಮ ಮನೆಯವರು ಎಲ್ಲವನ್ನೂ ಕೇಳಿಸಿಕೊಂಡರು.

"ಅಲ್ಲ, ಆ ಮರ ಒಣಗಬೇಕಿತ್ತು ಅಂದ್ಯಲ್ಲ?"

ಮಾತು ಬಿಟ್ಟದ್ದು ಮರೆತೇ ಹೋಯಿತು. "ಒಣಗಬೇಕಿತ್ತು. ಇಷ್ಟು ದಿನ ಆದ್ರೂ ಯಾಕೆ ಒಣಗಿಲ್ಲ ಅಂತ ನಿಮ್ಮ ಮೌನೇಶಪ್ಪನ್ನ ಕೇಳ್ರಿ."

"ಕೇಳ್ತೀನಿ. ಮೊದ್ಲು ಆ ಕೊಡ ಕೆಳಗಿಡು."

ನೋಡಿಕೊಂಡೆ. ಅರ್ಧ ಕೊಡ ಆಗಲೇ ಖಾಲಿಯಾಗಿತ್ತು. ಬಾಗಿಲಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಅವರು ಟೀ ಮುಗಿಸಿ ಹೊನ್ನಾಳಿ ಬಸ್ಸಿಗೆ ಹೋದರು. ನಾನು ಕೊಡ ಇಟ್ಟು, ಸೀರೆ ಬದಲಿಸಿ, ತಗಡಿನ ಬಾಗಿಲಿನಿಂದ ಶಾಲೆಗೆ ಹೊರಟೆ. ಅವತ್ತು ಒಂಬತ್ತನೇ ತರಗತಿಗೆ ನನ್ನದೇ ಪಾಠ. ಒದ್ದೆಯಾದ ವಸ್ತುಗಳು ಹೇಗೆ ಒಣಗುತ್ತವೆ ಎಂಬುದು.