ಎಂಟು ಪೆಟ್ಟಿಗೆ ಸಿನಿಮಾ, ಐದು ಊರು

ಸಿನಿಮಾ ಡಿಸ್ಕು ಕೂಡಿಸುವ ಮನುಷ್ಯನಿಗೆ ಫಜೀತಿ ತಪ್ಪಿದ್ದಲ್ಲ. ಒಂದನ್ನು ಯಾರಿಗಾದರೂ ಹೇಳಿ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ಪಶು ಇಲಾಖೆಯವನು. ಡಾಕ್ಟರ್ ಅಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ಹಳ್ಳಿ ಮಂದಿಗೆ ಸೂಜಿ ಹಿಡಿದವರೆಲ್ಲ ಡಾಕ್ಟರೇ. ಸೇಡಂ, ಚಿಂಚೋಳಿ, ಚಿತ್ತಾಪುರ, ಶಹಾಬಾದ, ವಾಡಿ, ಹೀಗೆ ಐದು ಊರು ತಿರುಗಿದ್ದೇನೆ. ಪ್ರತಿ ವರ್ಗಾವಣೆಗೂ ನಮ್ಮ ಮನೆಯ ಪಾತ್ರೆ ಪಡಗ ಎರಡು ಪೆಟ್ಟಿಗೆ, ನನ್ನ ಸಿನಿಮಾ ಎಂಟು ಪೆಟ್ಟಿಗೆ. ವಿಸಿಡಿ ಕೂಡಿಸಿ ಉಸಿರು ಬಿಡುವುದರೊಳಗೆ ಡಿವಿಡಿ ಬಂತು. ಡಿವಿಡಿ ಕೂಡಿಸಿದೆ, ಬ್ಲೂ-ರೇ ಬಂತು. ಈಗ ಡಿಸ್ಕೇ ಬೇಡ, ಫೋನಿನಲ್ಲಿ ನೋಡಿ ಅನ್ನುತ್ತಾರೆ. ನನಗೆ ಮಾತ್ರ ಕೈಯಲ್ಲಿ ಹಿಡಿಯುವಂಥ ಸಿನಿಮಾ ಬೇಕು. ಒಂದೇ ಚಿತ್ರವನ್ನು ಮೂರು ಮೂರು ಸಲ ಕೊಂಡಿದ್ದೇನೆ. ಕೊಂಡದ್ದನ್ನು ಕೂತು ನೋಡಿದೆನೋ ಅಂದರೆ ಅದೂ ಇಲ್ಲ. ಅರ್ಧ ನೋಡುವಾಗಲೇ, ಇದರ ಇನ್ನೂ ಚಂದದ ಪ್ರಿಂಟ್ ಎಲ್ಲೋ ಬಂದಿರಬೇಕು ಅಂತ ಜೀವ ಚಡಪಡಿಸುತ್ತದೆ.

"ನಿಮ್ಮ ಕಾಲಾಗ ಗಾಲಿ ಅದಾವ, ತಲಿಯಾಗೂ ಗಾಲಿ ಅದಾವ" ಅನ್ನುತ್ತಾಳೆ ನನ್ನ ಹೆಂಡತಿ.

೧. ಮುಂದೆ ಬಂದ ಹೀರೋ

ಸೇಡಂನಲ್ಲಿ ನಮ್ಮ ಮನೆ ಮಾಲೀಕರು ನಿವೃತ್ತ ಹೆಡ್ ಮಾಸ್ತರು. ಆಗ ವಿಸಿಡಿ ಕಾಲ. ಒಂದು ಸಿನಿಮಾ ಅಂದರೆ ಎರಡು ಡಿಸ್ಕು. ಮೊದಲನೆಯದು ಮುಗಿದ ಮೇಲೆ ಎದ್ದು ಹೋಗಿ ಎರಡನೆಯದು ಹಾಕಬೇಕು.

ನನಗೋ ಪ್ರತಿ ಭಾನುವಾರ ಡಿಸ್ಕುಗಳನ್ನು ಹೊಸದಾಗಿ ಜೋಡಿಸುವ ಚಟ. ಒಂದು ವಾರ ಹೀರೋ ಪ್ರಕಾರ, ಇನ್ನೊಂದು ವಾರ ಇಸವಿ ಪ್ರಕಾರ, ಏನೂ ತೋಚದಿದ್ದರೆ ಕವರಿನ ಬಣ್ಣದ ಪ್ರಕಾರ. ಹೀಗೆ ಜೋಡಿಸುವಾಗ ಒಂದೇ ಹೀರೋನ ಎರಡು ಚಿತ್ರಗಳ ಡಿಸ್ಕು ಅದಲು ಬದಲಾಗಿವೆ. ಅದನ್ನೇ ಮಾಸ್ತರಿಗೆ ಕೊಟ್ಟಿದ್ದೇನೆ.

ಮರುದಿನ ಮುಂಜಾನೆ ಮಾಸ್ತರು ಬಂದರು.

"ಪಿಚ್ಚರ್ ಭಾಳ ಛಲೋ ಅದರಿ. ಆದ್ರ ಮೊದಲನೇ ಡಿಸ್ಕಿನ್ಯಾಗ ಹೀರೋ ಎತ್ತಿನ ಬಂಡಿ ಹೊಡಿತಿದ್ದ. ಎರಡನೇದ್ರಾಗ ಏಕ್‌ದಂ ಪೊಲೀಸ್ ಸಾಹೇಬ ಆಗ್ಯಾನ."

ನನಗೆ ಆಗಲೇ ತಪ್ಪು ಹೊಳೆಯಿತು.

"ಇರ್ಲಿ, ನಡುವ ಪರೀಕ್ಷಾ ಬರ್ದು ಪಾಸಾಗಿರಬೇಕು ಅಂತ ತಿಳ್ಕೊಂಡೆ" ಅಂದರು. "ಆದ್ರ ಆ ಮೊದಲನೇ ಹೆಂಡ್ತಿ ಎಲ್ಲಿ ಹೋದ್ಳು? ಅಕಿ ಬಸುರಿ ಇದ್ಳು. ಅಷ್ಟರೇ ಒಂದು ಮಾತು ಹೇಳಬೇಕಿತ್ತಿಲ್ಲೋ?"

ತಪ್ಪು ಒಪ್ಪಿಕೊಂಡು, ಪೆಟ್ಟಿಗೆಯೆಲ್ಲ ತಡಕಾಡಿ ಸರಿಯಾದ ಎರಡನೇ ಡಿಸ್ಕು ಹುಡುಕಿ ಕೊಟ್ಟೆ. ಎರಡು ದಿನ ಬಿಟ್ಟು ಮಾಸ್ತರು ಅದನ್ನು ತಂದು ಟೇಬಲ್ ಮೇಲಿಟ್ಟರು. ಮುಖ ಸಪ್ಪಗಿತ್ತು.

"ಯಾಕ್ರೀ ಸರ, ಈಗ ಕತಿ ಸರಿ ಕೂಡ್ತಿಲ್ಲೋ?"

"ಕೂಡ್ತು. ಕಡೀತನಕ ಬಂಡೀನೇ ಹೊಡಿತಾನ್ರಿ ಅಂವ. ನೀವು ತಪ್ಪಿ ಕೊಟ್ಟಿದ್ರಲ್ಲ, ಅದ್ರಾಗರೇ ಜೀವನದಾಗ ಸ್ವಲ್ಪ ಮುಂದ ಬಂದಿದ್ದ."

೨. ಜೋಳದ ಹೊಲದ ಡಿಸ್ಕು

ಮದುವೆಯಾದ ಹೊಸದರಲ್ಲಿ ನಾನು, ನನ್ನ ಹೆಂಡತಿ ಶಹಾಬಾದದ ಟಾಕೀಸಿನಲ್ಲಿ ಒಂದು ಸಿನಿಮಾ ನೋಡಿದ್ದೆವು. ಇಬ್ಬರೇ ಹೋಗಿದ್ದು ಅದೇ ಮೊದಲು. ಆ ಟಾಕೀಸು ಈಗ ಗೋದಾಮು ಆಗಿದೆ. "ಅದೊಂದು ಪಿಚ್ಚರ್ ಸಿಕ್ರ ತರ್ರಿ" ಅಂತ ಅವಳು ಒಂದೇ ಸಲ ಹೇಳಿದ್ದು. ಬೇರೆ ಏನನ್ನೂ ಅವಳು ನನ್ನ ಪೆಟ್ಟಿಗೆಗಳಿಂದ ಕೇಳಿದವಳಲ್ಲ. ಹಾಗಾಗಿ ನನಗೆ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹೈದರಾಬಾದಿಗೆ ಹೋದರೂ, ಸೋಲಾಪುರಕ್ಕೆ ಹೋದರೂ ಅದನ್ನೇ ಕೇಳುವುದು. ಎಲ್ಲೂ ಇಲ್ಲ.

ಚಿಂಚೋಳಿಯಲ್ಲಿದ್ದಾಗ ಒಂದು ದಿನ ಚಿಮ್ಮನಚೋಡದ ಕಡೆ ದನಗಳಿಗೆ ಲಸಿಕೆ ಹಾಕಲು ಹೋಗಿದ್ದೆ. ದಾರಿ ಬದಿ ಜೋಳದ ಹೊಲ. ಹಕ್ಕಿ ಬೆದರಿಸಲು ರೈತ ಸಾಲಾಗಿ ಗೂಟ ನೆಟ್ಟು ದಾರಕ್ಕೆ ಡಿಸ್ಕು ಕಟ್ಟಿದ್ದ. ಗಾಳಿಗೆ ತಿರುಗಿ ತಿರುಗಿ ಮಿಂಚುತ್ತಿದ್ದವು. ಅಂಥದ್ದು ಕಂಡರೆ ನನಗೆ ಸುಮ್ಮನೆ ಹೋಗಲಾಗುವುದಿಲ್ಲ. ಬೈಕು ನಿಲ್ಲಿಸಿ, ಒಂದೊಂದನ್ನೇ ಹಿಡಿದು ಓದುತ್ತಾ ಹೋದೆ. ನಾಲ್ಕನೇ ಗೂಟದಲ್ಲಿ ಅದೇ ಸಿನಿಮಾ!

"ಏ ಡಾಕ್ಟ್ರ, ಹೊಲದಾಗ ಏನ್ ಮಾಡ್ಲಿಕತ್ತೀರಿ?" ಅಂತ ರೈತ ಬಂದ.

"ಈ ಡಿಸ್ಕ್ ನನಗ ಕೊಡಪ್ಪ."

"ಬೇಕಾದ್ರ ಬ್ಯಾರೇದು ಒಯ್ರಿ. ಅದು ಮಾತ್ರ ಬ್ಯಾಡ. ಅದು ಕಟ್ಟಿದಾಗಿಂದ ಈ ಮೂಲಿಗೆ ಒಂದು ಗುಬ್ಬಿ ಬಂದಿಲ್ಲ."

ಮರುದಿನ ಹೊಸ ಖಾಲಿ ಡಿಸ್ಕು ಇಪ್ಪತ್ತು ಒಯ್ದು ಕೊಟ್ಟೆ. ಕನ್ನಡಿಯ ಹಾಗೆ ಹೊಳೆಯುವಂಥವು. ಅವನು ಗಂಭೀರವಾಗಿ, "ಹಚ್ಚಿ ನೋಡ್ತೀನಿ" ಅಂದ. ವಾರ ಬಿಟ್ಟು ಹೋದರೆ ತಲೆ ಆಡಿಸಿದ.

"ನಿಮ್ಮ ಡಿಸ್ಕಿಗೆ ಹಕ್ಕಿ ಅಂಜಂಗಿಲ್ರಿ. ಒಳಗ ಏನೂ ಇಲ್ಲಂತ ಅವಕ್ಕೂ ಗೊತ್ತಾಗ್ಯಾದ."

ಕೊನೆಗೆ ಜೋಳ ಕೊಯ್ದು ರಾಶಿ ಮುಗಿಯುವವರೆಗೆ ಕಾಯಬೇಕಾಯಿತು. ಆ ಮೂರು ವಾರ ನನಗೆ ನಿದ್ದೆ ಸರಿ ಬರಲಿಲ್ಲ. ಬೈಕಿನಲ್ಲಿ ಸುತ್ತು ಬಳಸಿ ಹೋಗಿ, ಡಿಸ್ಕು ಇದೆಯೋ ಇಲ್ಲವೋ ನೋಡಿ ಬರುತ್ತಿದ್ದೆ. ಕೈಗೆ ಸಿಕ್ಕ ದಿನ ಮನೆಗೆ ಓಡಿ, ಹೆಂಡತಿಯನ್ನು ಒಲೆ ಮುಂದಿಂದ ಎಬ್ಬಿಸಿ ಕೂರಿಸಿ, ಹಾಕಿದೆ. ಹೆಸರು ಬಂದವು. ಒಂದು ಹಾಡು ಬಂತು. ಹೀರೋಯಿನ್ ಕೊಡ ತಗೊಂಡು ಹೊಳೆಗೆ ಇಳಿದಳು. ಅಷ್ಟೇ, ನಿಂತುಬಿಟ್ಟಿತು. ಎಷ್ಟು ಒರೆಸಿದರೂ ಮುಂದೆ ಹೋಗಲಿಲ್ಲ. ಬಿಸಿಲಿಗೆ ಡಿಸ್ಕು ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ನನಗೆ ಅಳುವೇ ಬಂದಂತಾಯಿತು. ಹೆಂಡತಿ ಮಾತ್ರ ನಗುತ್ತಾ ಎದ್ದಳು.

"ಇರ್ಲಿ ಬಿಡ್ರಿ. ಆವತ್ತು ಟಾಕೀಸಿನ್ಯಾಗೂ ನಾ ನೋಡಿದ್ದು ಇಷ್ಟೇ. ಆಮ್ಯಾಲ ನೀವು ಒಂದೇ ಸಮನೆ ಮಾತಾಡ್ಲಿಕತ್ತಿದ್ರಿ."

೩. ಪೇಸ್ಟು

ಗೀರು ಬಿದ್ದ ಡಿಸ್ಕಿಗೆ ಹಲ್ಲಿನ ಪೇಸ್ಟು ಹಚ್ಚಿ ಮೆಲ್ಲಗೆ ಉಜ್ಜಿದರೆ ಓಡುತ್ತದೆ ಅಂತ ಯಾರೋ ಹೇಳಿದರು. ಚಿತ್ತಾಪುರದಲ್ಲಿ ಒಂದು ಇಡೀ ಬೇಸಿಗೆ ನಾನು ಅದನ್ನೇ ಮಾಡಿದೆ. ವಾರಕ್ಕೆ ಮೂರು ಟ್ಯೂಬು ಖಾಲಿ.

ಕಿರಾಣಿ ಅಂಗಡಿಯವನು ಕೇಳಿಯೇಬಿಟ್ಟ. "ಸಾಹೇಬ್ರ, ಮನ್ಯಾಗ ಎಷ್ಟು ಮಂದಿ?"

"ಇಬ್ಬರೇ."

ಅವನು ನನ್ನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿದ. ಅಪಾರ್ಥ ಬೇಡವೆಂದು ಡಿಸ್ಕಿನ ವಿಷಯ ಹೇಳಿದೆ. ಅವನಿಗೆ ಕುತೂಹಲ ಹುಟ್ಟಿತು. ಮರುದಿನ ತನ್ನ ಮದುವೆಯ ಡಿಸ್ಕನ್ನೇ ತಂದ. ಎಂಟು ವರ್ಷದಿಂದ ಅದು ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತಂತೆ. ಕೈ ಮುಂದೆ ಚಾಚಿದವನು ಚಾಚಿದ ಹಾಗೇ.

ಎರಡು ತಾಸು ಉಜ್ಜಿದೆ. ಓಡಿತು. ತಾಳಿ ಬಿತ್ತು, ಅಕ್ಷತೆ ಬಿತ್ತು, ಊಟದ ಪಂಕ್ತಿವರೆಗೂ ಬಂತು. ಹೆಮ್ಮೆಯಿಂದ ಕೊಟ್ಟು ಕಳಿಸಿದೆ. ಮುಂದಿನ ವಾರ ಅಂಗಡಿಗೆ ಹೋದಾಗ ಅವನ ಹೆಂಡತಿ ಪಕ್ಕದಲ್ಲೇ ಬೇಳೆ ಆರಿಸುತ್ತಾ ಕೂತಿದ್ದಳು.

"ಹ್ಯಾಂಗ ಓಡ್ಲಿಕತ್ತದ?" ಅಂದೆ.

ಅವನು ಅವಳಿಗೆ ಕೇಳಿಸುವ ಹಾಗೆಯೇ ಹೇಳಿದ. "ಓಡ್ತದ್ರಿ. ಇಷ್ಟು ವರ್ಷ ಇನ್ನೂ ಕಟ್ಟಿಲ್ಲ, ಇನ್ನೂ ಕಟ್ಟಿಲ್ಲ ಅಂತ ಒಂದು ಆಸೆ ಇತ್ತು. ನೀವು ಉಜ್ಜಿ ಅದನ್ನೂ ತಗದ್ರಿ."

ಬೇಳೆಯ ಮೊರ ಎಷ್ಟು ವೇಗವಾಗಿ ಹಾರಿ ಬಂತೆಂದರೆ, ಅವನಿಗಿಂತ ಮುಂಚೆ ನಾನು ಬಗ್ಗಿ ಕೂತೆ.

೪. ವಾಡಿ ಸ್ಟೇಷನ್ನಿನಲ್ಲಿ

ಶಹಾಬಾದದಲ್ಲಿದ್ದಾಗಿನ ಮಾತು. ಸೇಡಂನಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳ ನಿಶ್ಚಿತಾರ್ಥ. ರೈಲಿನಲ್ಲಿ ಹೊರಟೆವು. ವಾಡಿಯಲ್ಲಿ ಗಾಡಿ ನಿಂತಿತು.

ಕಿಟಕಿಯಿಂದ ನೋಡುತ್ತೇನೆ, ಹೊರಗೆ ಒಬ್ಬ ಗೋಣಿಚೀಲ ಹಾಸಿ ಡಿವಿಡಿ ಸುರಿದುಕೊಂಡು ಕೂತಿದ್ದಾನೆ. ಯಾವುದೋ ಅಂಗಡಿ ಮುಚ್ಚಿದ್ದಿರಬೇಕು. ನನ್ನ ಕಾಲು ಆಗಲೇ ಎದ್ದು ನಿಂತಿದ್ದವು.

"ಇಳೀಬ್ಯಾಡ್ರಿ" ಅಂದಳು ಹೆಂಡತಿ.

"ಇಲ್ಲಿ ಗಾಡಿ ಭಾಳ ಹೊತ್ತು ನಿಲ್ತದ. ಈಗ ಬಂದೆ."

ರಾಶಿಯಲ್ಲಿ ಕೈ ಹಾಕಿದವನಿಗೆ ಲೋಕ ಮರೆತುಹೋಯಿತು. ಒಂದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಹನ್ನೊಂದು ಆರಿಸಿ, ಎದೆಗವಚಿಕೊಂಡು ತಿರುಗಿದರೆ ಹಳಿ ಖಾಲಿ. ಫೋನು ಬಡಿದುಕೊಂಡಿತು.

"ಎಲ್ಲಿದ್ದೀರಿ?"

"ವಾಡಿಯಾಗ. ನೀ?"

"ನಾ ಚಿತ್ತಾಪುರ ದಾಟ್ಲಿಕತ್ತೀನಿ. ನಿಮ್ಮ ಹೊಸ ಅಂಗಿನೂ ನನ್ನ ಕೂಡೇ ದಾಟ್ಲಿಕತ್ತದ."

ಬಸ್ಸು, ಟಂಟಂ ಆಟೋ, ಮತ್ತೆ ಬಸ್ಸು ಹಿಡಿದು ಸೇಡಂ ಮುಟ್ಟಿದಾಗ ನಿಶ್ಚಯ ಮುಗಿದು, ಊಟದ ಎಲೆ ಎತ್ತುತ್ತಿದ್ದರು. ಧೂಳು ಮೆತ್ತಿದ ಅಂಗಿ, ಕಂಕುಳಲ್ಲಿ ಹನ್ನೊಂದು ಡಿವಿಡಿ. ನಾನು ಒಳಗೆ ಕಾಲಿಟ್ಟದ್ದೇ ತಡ, ಬೀಗರೆಲ್ಲ ಒಮ್ಮೆಲೇ ನಗಲು ಶುರು ಮಾಡಿದರು. ಯಾಕೆಂದು ಆಮೇಲೆ ತಿಳಿಯಿತು. ಗಂಡಿನ ಕಡೆಯ ಹಿರಿಯರು ಮುಂಚೆಯೇ ನನ್ನ ಹೆಂಡತಿಯನ್ನು ಕೇಳಿದ್ದರಂತೆ. "ಏನವ್ವಾ, ಯಜಮಾನ್ರು ಬಂದಿಲ್ಲ?"

ಅವಳು ತಣ್ಣಗೆ ಹೇಳಿದ್ದಳಂತೆ. "ಬರ್ತಾರ್ರಿ. ನಾ ಮೊದಲನೇ ಡಿಸ್ಕಿನ್ಯಾಗ ಬಂದೀನಿ, ಅವ್ರು ಎರಡನೇದ್ರಾಗ ಅದಾರ."

೫. ಬಿಳಿ ರುಮಾಲಿನವನು

ಈಗ ವಾಡಿಯಲ್ಲೇ ಇದ್ದೇನೆ. ಪಕ್ಕದ ರಾವೂರದಲ್ಲಿ ಒಬ್ಬ ಮುದುಕ ಇದ್ದಾನೆ. ಹರೆಯದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ದುಡಿದವನು, ಈಗ ನಾಲ್ಕು ಆಡು ಸಾಕಿಕೊಂಡಿದ್ದಾನೆ. ಊರೆಲ್ಲ ಅವನನ್ನು ಹೀರೋ ಕಾಕಾ ಅನ್ನುತ್ತದೆ. ಆಡಿಗೆ ಔಷಧ ಕುಡಿಸಲು ಹೋದಾಗ ಯಾಕೆಂದು ಕೇಳಿದೆ.

ನಲವತ್ತು ವರ್ಷದ ಹಿಂದೆ ಅವನ ಖಣಿಯಲ್ಲಿ ಒಂದು ಸಿನಿಮಾದ ಶೂಟಿಂಗ್ ಆಗಿತ್ತಂತೆ. ಕೂಲಿಯವರನ್ನೇ ನಿಲ್ಲಿಸಿದ್ದರಂತೆ. "ಹೀರೋನ ಹಿಂದ ಬಿಳಿ ರುಮಾಲು ಸುತ್ಕೊಂಡು ದೊಡ್ಡ ಪರಸಿ ಕಲ್ಲು ಹೊತ್ತು ನಡೀತಾನಲ್ಲ, ಅಂವ ನಾನೇ" ಅಂದ. ಹೆಸರು ಕೇಳಿದರೆ, ಆ ಸಿನಿಮಾ ನನ್ನ ಪೆಟ್ಟಿಗೆಯಲ್ಲೇ ಇದೆ!

ಮನೆಗೆ ಕರೆದು ವಿಸಿಡಿ ಹಾಕಿ ತೋರಿಸಿದೆ. ಹೀರೋನ ಹಿಂದೆ ಬಿಳಿ ರುಮಾಲು ಇತ್ತು. ಪ್ರಿಂಟ್ ಎಷ್ಟು ಮಸುಕೆಂದರೆ, ಮುಖ ಇರಬೇಕಾದ ಜಾಗದಲ್ಲಿ ನಾಲ್ಕು ಚೌಕ ಇದ್ದವು. "ನೋಡ್ರಿ, ನಾನೇ!" ಅಂದ ಕಾಕಾ. ಜೊತೆಗೆ ಬಂದವರೆಲ್ಲ ಹೌದು ಹೌದು ಅಂದರು. ಅವನ ಹೆಂಡತಿ, ಮುದುಕಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೆ ಸಮಾಧಾನವಾಗಲಿಲ್ಲ. ಒಬ್ಬ ಮನುಷ್ಯ ಜೀವನದಲ್ಲಿ ಒಮ್ಮೆ ಸಿನಿಮಾದಲ್ಲಿ ಬಂದಿದ್ದಾನೆ, ಅವನಿಗೆ ಮೂಗು ಬಾಯಿ ಬೇಡವೇ? ಡಿವಿಡಿ ಹುಡುಕಿ ತಂದೆ. ರುಮಾಲಿನ ಮಡಿಕೆ ಕಂಡವು, ಮುಖ ಮಾತ್ರ ಬೇಯದ ರೊಟ್ಟಿಯಂತಿತ್ತು. "ಈಗಂತೂ ಖರೇನ ನಾನೇ" ಅಂದ ಕಾಕಾ. ಅಷ್ಟರಲ್ಲಿ ಆ ಚಿತ್ರದ ಹಳೇ ರೀಲು ತೊಳೆದು, ಬ್ಲೂ-ರೇ ಮಾಡಿದ್ದಾರೆಂದು ತಿಳಿಯಿತು. ತರಿಸಿದೆ. ಅದಕ್ಕೆ ಬೇರೆ ಪ್ಲೇಯರ್ ಬೇಕು, ತರಿಸಿದೆ. ಸಣ್ಣ ಟಿವಿಯಲ್ಲಿ ಏನು ಕಂಡೀತು ಅಂತ ಗೋಡೆಯಗಲದ ಟಿವಿಯನ್ನೂ ತಂದೆ. ನನ್ನ ಹೆಂಡತಿ ತನ್ನ ಕುರ್ಚಿ ಎತ್ತಿ ಅಡುಗೆಮನೆಗೆ ಒಯ್ದಳು.

ಕರೆಯಲು ಹೋದರೆ ಕಾಕಾನದು ಏನೇನೋ ನೆಪ. ಆಡು ಈಯುವುದಿದೆ, ಮೊಣಕಾಲು ನೋವಿದೆ, ಕಣ್ಣಲ್ಲಿ ನೀರು ಬರುತ್ತಿದೆ. ಊರವರು ಕೇಳಬೇಕಲ್ಲ. ಭಾನುವಾರ ಮುಂಜಾನೆ ಹನ್ನೆರಡು ಮಂದಿ ಅವನನ್ನು ಟಂಟಂನಲ್ಲಿ ನಡುವೆ ಕೂರಿಸಿಕೊಂಡು ಬಂದೇಬಿಟ್ಟರು.

ಹಾಕಿದೆ. ಖಣಿ ಬಂತು. ಕಲ್ಲಿನ ಮೇಲಿನ ಉಳಿಯ ಗುರುತು ಸಹ ಎಣಿಸಬಹುದಿತ್ತು. ಹೀರೋ ಬಂದ. ಹಿಂದೆ ಬಿಳಿ ರುಮಾಲು, ಪರಸಿ ಕಲ್ಲು. ಅದರ ಕೆಳಗೆ ಹುರಿ ಮೀಸೆ, ಚೂಪು ಮೂಗು, ಗಲ್ಲದ ಮೇಲೆ ಬಟಾಣಿ ಗಾತ್ರದ ಮಚ್ಚೆ.

ಎಲ್ಲರೂ ಟಿವಿ ನೋಡಿದರು, ಕಾಕಾನ ಮುಖ ನೋಡಿದರು. ಆಮೇಲೆ ಒಬ್ಬ ಮೆಲ್ಲಗೆ ಕೇಳಿದ.

"ಕಾಕಾ, ನಿನಗ ಮಚ್ಚಿ ಎಲ್ಲಿತ್ತೋ?"

"ಹಚ್ಚಿದ್ರು" ಅಂದ ಕಾಕಾ. "ಮೇಕಪ್."

"ಮೂಗು?"

"ಅದೂ ಹಚ್ಚಿದ್ರು."

ಆಗ ಮುದುಕಿ ಟಿವಿಯ ಹತ್ತಿರಕ್ಕೆ ಸರಿದಳು. "ಸಾಹೇಬ್ರ, ಸ್ವಲ್ಪ ಹಿಂದಕ್ಕ ಒಯ್ರಿ. ಹಾಂ, ನಿಲ್ಲಸ್ರಿ. ಆ ಮೂಲ್ಯಾಗ ಬೇವಿನ ಗಿಡದ ತಳಗ ಯಾರದು?"

ಎಲ್ಲರೂ ಬಗ್ಗಿ ನೋಡಿದೆವು. ಪರಸಿ ಕಲ್ಲುಗಳ ಹಿಂದೆ, ನೆರಳಿನಲ್ಲಿ, ಒಬ್ಬ ಹರೆಯದವನು ಅಂಗಾತ ಮಲಗಿ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಹೊಟ್ಟೆಯ ಮೇಲೆ ಖಾಲಿ ಬುತ್ತಿಗಂಟು. ಬಾಯಲ್ಲಿ ಮುಂದಿನ ಹಲ್ಲು ಒಂದು ಇರಲಿಲ್ಲ. ಈಗಲೂ ಕಾಕಾನಿಗೆ ಅದೇ ಹಲ್ಲು ಇಲ್ಲ.

"ಆ ಬುತ್ತಿ ಅರಿವಿ ನನ್ನ ಮದಿವಿ ಸೀರಿ ಅಂಚಿಂದು!" ಮುದುಕಿ ಸೊಂಟಕ್ಕೆ ಕೈ ಕೊಟ್ಟು ಗಂಡನ ಕಡೆ ತಿರುಗಿದಳು. "ಆವತ್ತು ಸಂಜಿಕ ಬಂದು, ಹೀರೋನ ಹಿಂದ ಕಲ್ಲು ಹೊತ್ತು ಹೊತ್ತು ನಡ ಮುರೀತು ಅಂತ ಎಂಟು ದಿನ ನನ್ನ ಕೈಲಿ ಎಣ್ಣಿ ತಿಕ್ಕಿಸ್ಕೊಂಡಿದ್ದಿ!"

ಹನ್ನೆರಡು ಮಂದಿ ನೆಲಕ್ಕೆ ಬಿದ್ದು ನಕ್ಕರು. ಅಡುಗೆಮನೆಯಿಂದ ನನ್ನ ಹೆಂಡತಿಯ ನಗೆಯೂ ಕೇಳಿಸಿತು. ಕಾಕಾ ಮಾತ್ರ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡ. ಎದ್ದು ನನ್ನ ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟು ಬಹಳ ಮರ್ಯಾದೆಯಿಂದ ಹೇಳಿದ.

"ಸಾಹೇಬ್ರ, ಇದು ತಗೀರಿ. ಮೊದಲಿನ ಡಿಸ್ಕ್ ಹಚ್ರಿ. ಅದ್ರಾಗ ನಾ ಭಾಳ ಸ್ವಚ್ಛ ಕಾಣ್ತಿದ್ದೆ."