ಮಾವನನ್ನು ಅಂಟಿಸಿದ್ದು

ಗೋಡೆಗೆ ತೂತು ಕೊರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಒಂದು ಚಿತ್ರ ತೂಗುಹಾಕಲು ಬಡಗಿಯ ಬೆನ್ನು ಹತ್ತಬೇಕು, ಅವನು "ನಾಳೆ ಬರ್ತೇನೆ" ಎಂದು ಮೂರು ವಾರ ಹೇಳಬೇಕು, ಬಂದ ದಿನ ಮನೆಯೆಲ್ಲ ಧೂಳೆಬ್ಬಿಸಿ ಹೋಗಬೇಕು. ನಾಲ್ಕಕ್ಷರ ಕಲಿತವನು ಇದನ್ನೆಲ್ಲ ಯಾಕೆ ಸಹಿಸಬೇಕು? ಅಂಟು ಎಂಬ ವಸ್ತುವನ್ನು ಯಾರೋ ನನ್ನಂಥ ಸ್ವಾಭಿಮಾನಿಗಳಿಗಾಗಿಯೇ ಕಂಡುಹಿಡಿದಿದ್ದಾರೆ ಎಂಬುದು ನನ್ನ ನಂಬಿಕೆ.

ತೂಗುಹಾಕಬೇಕಾಗಿದ್ದದ್ದು ನನ್ನ ಮಾವನನ್ನು; ಅಂದರೆ, ಹೆಂಡತಿಯ ತೀರಿಹೋದ ತಂದೆಯ ಫೋಟೊವನ್ನು. ಬಿಕರ್ನಕಟ್ಟೆಯ ನಮ್ಮ ಫ್ಲಾಟಿಗೆ ಅತ್ತೆ ವಾಸಕ್ಕೆ ಬರುವಾಗ ಒಂದು ಚೀಲ ಬಟ್ಟೆ, ಮೀನು ಕೊಯ್ಯುವ ಮೆಟ್ಟುಕತ್ತಿ ಮತ್ತು ಇದನ್ನು ತಂದಿದ್ದರು. ಸಾಗುವಾನಿ ಚೌಕಟ್ಟು, ದಪ್ಪ ಗಾಜು. ಬದುಕಿದ್ದಾಗಲೂ ಮಾವ ತೂಕದ ಮನುಷ್ಯರೇ.

ಪಂಪ್‌ವೆಲ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ ಮರಕ್ಕೊಂದು, ಟೈಲ್ಸಿಗೊಂದು, ಪೈಪಿಗೊಂದು, ಚಪ್ಪಲಿಗೊಂದು ಅಂಟು ಇತ್ತು. ನಾನು ಎಲ್ಲಕ್ಕಿಂತ ದೊಡ್ಡ ಟ್ಯೂಬನ್ನು ಎತ್ತಿಕೊಂಡೆ.

"ಎಂತಕ್ಕೆ ಅದು?" ಎಂದರು ಅಂಗಡಿಯವರು.

"ಗೋಡೆಗೆ ಫೋಟೊ ಅಂಟಿಸ್ಲಿಕ್ಕೆ."

"ಗೋಡೆ ಹೇಗುಂಟು ಮಾರಾಯ್ರೆ? ಪುಟ್ಟಿ ಹಾಕಿದ್ದಾ? ಮಳೆಗೆ ಒದ್ದೆ-ಚಂಡಿ ಆಗ್ತದಾ?"

ಪುಟ್ಟಿ ಎಂದರೆ ಬಣ್ಣದ ಕೆಳಗೆ ಬಳಿಯುವ ಹಿಟ್ಟಿನಂಥ ಲೇಪ ಎಂದು ನನಗೆ ಆಗ ತಿಳಿದಿರಲಿಲ್ಲ. "ಒಳ್ಳೆಯ ಗೋಡೆಯೇ" ಎಂದೆ, ಹುಡುಗಿಯ ಮನೆತನವನ್ನು ವಿಚಾರಿಸಿದವರಿಗೆ ಹೇಳುವ ಹಾಗೆ. ಅವರು ನನ್ನನ್ನೊಮ್ಮೆ, ಟ್ಯೂಬನ್ನೊಮ್ಮೆ ನೋಡಿ ಕಟ್ಟಿಕೊಟ್ಟರು.

ಹದಿನೆಂಟು ದಿನ ಮಾವ ಅಲುಗಲಿಲ್ಲ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅತ್ತೆ ಫೋಟೊವಿನ ಕೆಳಗಿನ ಕುರ್ಚಿಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದರು. ರಸ್ತೆಯಲ್ಲಿ ಮೀನಿನ ಸ್ಕೂಟರಿನ ಹಾರ್ನ್ ಕೇಳಿತು. ಅತ್ತೆ ಬಸಳೆಯನ್ನು ಕುರ್ಚಿಯ ಮೇಲಿಟ್ಟು ಬಾಲ್ಕನಿಗೆ ಹೋದರು. ನಾನು ಎದುರಿನ ಬಾಗಿಲಲ್ಲಿ ಚಾ ಹಿಡಿದು ನಿಂತಿದ್ದೆ. ಮಾವ ಮೊದಲು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಬಾಗಿದರು, ಏನೋ ಹೇಳಲು ಹೊರಟವರ ಹಾಗೆ. ಆಮೇಲೆ ಬಿದ್ದರು. ಕುರ್ಚಿಯ ಬೆನ್ನು ಎರಡು ತುಂಡು. ಬಸಳೆಯ ತುಂಬ ಗಾಜು. ಹಾರ್ನ್ ಎರಡು ಕ್ಷಣ ತಡವಾಗಿದ್ದರೆ ಎಂದು ಈಗಲೂ ಮನಸ್ಸಿನಲ್ಲೇ ಎಣಿಸುತ್ತೇನೆ: ಒಂದು, ಎರಡು. ಮುಂದಕ್ಕೆ ಎಣಿಸುವ ಧೈರ್ಯ ಬರುವುದಿಲ್ಲ.

ಅತ್ತೆ ಮಾತ್ರ ಹೆದರಲಿಲ್ಲ. "ಅವರಿಗೆ ಇಲ್ಲಿ ಮನಸ್ಸಿಲ್ಲ" ಎಂದರು. "ಪಾಪ, ನಾನು ಏಳುವವರೆಗೆ ಕಾದರು. ಅವರನ್ನು ಕರ್ಕೊಂಡು ಉಳ್ಳಾಲಕ್ಕೆ ಹೋಗ್ತೇನೆ." ಉಳ್ಳಾಲವೆಂದರೆ ಅವರ ತಮ್ಮನ ಮನೆ, ಎರಡು ಕೋಣೆ, ಎಂಟು ಜನ. ಗಾಜು ಗುಡಿಸುವ ಮೊದಲೇ ಚೀಲಕ್ಕೆ ಬಟ್ಟೆ ತುಂಬತೊಡಗಿದರು. ಸದ್ದು ಕೇಳಿ ಬಂದ ಪಕ್ಕದ ಮನೆಯವರು, "ಜೋಯಿಸರ ಹತ್ರ ಒಮ್ಮೆ ಪ್ರಶ್ನೆ ಇಡಿಸಿ ನೋಡಿ" ಎಂದರು.

ಎಷ್ಟು ಸುಲಭವಿತ್ತು ನೋಡಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪೆಲ್ಲ ಮಾವನ ಮೇಲೆ ಹೋಗುತ್ತಿತ್ತು. ಅವರು ಎದುರಾಡುವ ಸ್ಥಿತಿಯಲ್ಲಿರಲಿಲ್ಲ. ಆದರೆ ಈ ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೆ ಕೇಳುವವರು ಅತ್ತೆ ಒಬ್ಬರೇ. ನನ್ನ ಒಂದು ಟ್ಯೂಬಿನ ದೆಸೆಯಿಂದ ಅವರು ಇನ್ನೊಬ್ಬರ ಮನೆಯ ಮೂಲೆಯಲ್ಲಿ ಚಾಪೆ ಹಾಸುವುದೆಂದರೇನು? ಬಿಡುವುದಿಲ್ಲ ಎಂದುಕೊಂಡೆ. ಜೀವನದಲ್ಲಿ ಮೊದಲ ಸಲ ನನ್ನ ದಡ್ಡತನದ ಪರವಾಗಿ ವಾದಕ್ಕೆ ನಿಂತೆ.

ಫೋಟೊವಿನ ಬೆನ್ನು ತಿರುಗಿಸಿ ತೋರಿಸಿದೆ. ಅಂಟು ಚೌಕಟ್ಟನ್ನೂ ಬಿಟ್ಟಿರಲಿಲ್ಲ, ಬಣ್ಣವನ್ನೂ ಬಿಟ್ಟಿರಲಿಲ್ಲ. ಅಂಗೈಯಗಲ ಗೋಡೆಯ ಸಿಪ್ಪೆಯೇ ಎದ್ದು ಬಂದಿತ್ತು. "ಗೋಡೆ ಒಳಗಿಂದ ಒದ್ದೆ ಅತ್ತೆ. ಮಾವ ಎಂತದೂ ಮಾಡಿಲ್ಲ."

"ನೀವು ಕಲಿತವರು. ಅಷ್ಟೂ ಗೊತ್ತಿಲ್ಲದೆ ಅಂಟಿಸ್ತೀರಾ?"

"ಗೊತ್ತಿರ್ಲಿಲ್ಲ."

"ಅಂಗಡಿಯವರು ಕೇಳ್ಲಿಲ್ವಾ?"

"ಕೇಳಿದ್ರು. ನಾನು ಸುಳ್ಳು ಹೇಳಿದೆ."

ಅತ್ತೆಗೆ ನಂಬಿಕೆ ಬರಲಿಲ್ಲ. ಆಗ ನನ್ನ ಹೆಂಡತಿ ವಿದ್ಯಾ ಸಹಾಯಕ್ಕೆ ಬಂದಳು. "ಅಮ್ಮಾ, ಇವರು ಅಂಟಿಸಿದ ಟವೆಲ್ ಹ್ಯಾಂಗರ್ ಬಕೆಟಿಗೆ ಬಿತ್ತಲ್ಲ, ಅದರಲ್ಲಿ ಅಪ್ಪ ಇದ್ರಾ? ಕಾಲಿಂಗ್ ಬೆಲ್ ಪೋಸ್ಟ್‌ಮ್ಯಾನ್ ಕೈಯಲ್ಲೇ ಬಂತಲ್ಲ, ಅದೂ ಅಪ್ಪನಾ?" ನಾನು ಎಲ್ಲವನ್ನೂ ಒಪ್ಪಿಕೊಂಡೆ, ಅವಳಿಗೆ ಗೊತ್ತಿಲ್ಲದ ಎರಡನ್ನು ನಾನೇ ಸೇರಿಸಿದೆ. ಅತ್ತೆ ಗೋಡೆಯ ಸಿಪ್ಪೆಯನ್ನು ಬಹಳ ಹೊತ್ತು ಉಗುರಿನಲ್ಲಿ ಕೆರೆದು ನೋಡಿದರು. ಆಮೇಲೆ ಚೀಲದ ಬಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ವಾಪಸು ಇಟ್ಟರು.

ಅಂಟಿನ ವಿಷಯದಲ್ಲಿ ನಾನು ಸೋತಿಲ್ಲ. ಬಣ್ಣ, ಪುಟ್ಟಿ ಕೆರೆದು ಒಣ ಸಿಮೆಂಟಿಗೇ ಹಚ್ಚಿದ್ದರೆ ಮಾವ ನನಗಿಂತ ಹೆಚ್ಚು ಕಾಲ ನಿಲ್ಲುತ್ತಿದ್ದರು ಎಂದು ಯಾರೆದುರೂ ಹೇಳಬಲ್ಲೆ. ಆದರೆ ಸುದ್ದಿ ಕೇಳಿ ಮನೆಗೆ ಬಂದವರು ಗೋಡೆಯ ಬೋಳು ಜಾಗ ನೋಡಿ, "ಅವರಿಗೆ ಎಂತ ಅಸಮಾಧಾನವೋ" ಎಂದು ಶುರುಮಾಡುತ್ತಾರೆ. ಅತ್ತೆ ಅಲ್ಲಿಗೇ ತಡೆಯುತ್ತಾರೆ. "ಅವರಿಗೆ ಎಂತದೂ ಇಲ್ಲ. ಇದು ಅಳಿಯಂದಿರ ಕೆಲಸ. ಬನ್ನಿ ಮಾರಾಯ್ರೆ, ಸ್ವಲ್ಪ ಹೇಳಿ ಇವರಿಗೆ." ನಾನು ಎದ್ದು ಬಂದು ಮೊದಲಿನಿಂದ ಹೇಳುತ್ತೇನೆ. ಮೊನ್ನೆ ಬಂದವರೊಬ್ಬರು ಎಲ್ಲ ಕೇಳಿ ತಲೆಯಾಡಿಸಿ, "ಇಲ್ಲ, ಇವರು ಅಷ್ಟು ದಡ್ಡರ ಹಾಗೆ ಕಾಣುವುದಿಲ್ಲ" ಎಂದುಬಿಟ್ಟರು. ನನಗೆ ಕೆಟ್ಟ ಸಿಟ್ಟು ಬಂತು. ಅಷ್ಟು ಕಷ್ಟಪಟ್ಟು ಸಾಬೀತು ಮಾಡಿದ್ದನ್ನು, ನನ್ನನ್ನು ಐದು ನಿಮಿಷ ಕಂಡವರು ಬಂದು ಅಲ್ಲಗಳೆಯುವುದೇ?